ಬೇರೆ ದಾರಿಯವರು

ಜನವರಿ 20, 1996, ಶನಿವಾರ

ಇವತ್ತು ಎಲ್ಲರ ಚಹಾ ಬಟ್ಟಲು ತೊಳೆದದ್ದು ನಾನೇ. ಒಲೆಯ ಅಂಚಿಗೆ ಮೊಣಕಾಲು ಬಡಿದು ‘ಅಯ್ಯಯ್ಯಪ್ಪಾ’ ಎಂದು ಜಪಾನಿಯಲ್ಲಿ ಕೂಗಿಕೊಂಡ ತಪ್ಪಿಗೆ! ಎಸ್ಪೆರಾಂತೊ ಭಾಷೆಯ ನಮ್ಮ ಕೂಟದ ಹೊಸಿಲು ದಾಟಿದ ಮೇಲೆ ಯಾರೂ ಊರ ಭಾಷೆ ಆಡುವಂತಿಲ್ಲ. ಆಡಿದವರು ಮೊಸಳೆ. ಈ ಬೈಗುಳ ಜಗತ್ತಿನ ಎಲ್ಲ ಕೂಟಗಳಲ್ಲೂ ಉಂಟು, ಶಿಕ್ಷೆ ಮಾತ್ರ ನಮ್ಮ ಓಗಾಕಿ ಊರಿನದು: ಮೊಸಳೆಯಾದವರು ಬಟ್ಟಲು ತೊಳೆಯಬೇಕು. ಅರವತ್ಮೂರರ ಹೆಂಗಸಿಗೆ ಮೊಣಕಾಲು ನೊಂದರೂ ಎಸ್ಪೆರಾಂತೊದಲ್ಲೇ ನೋಯಬೇಕು. ಮನೆಗೆ ಬಂದು ಹೇಳಿದರೆ ನಮ್ಮವರು ಶುಕಿಚಿ, “ಯಾವನೋ ಕೂತು ಕಟ್ಟಿದ ಭಾಷೆ, ಯಾರ ತಾಯಿಯೂ ಆಡಲ್ಲ, ಅದಕ್ಕೆ ಇಷ್ಟೊಂದು ಮಡಿ ಯಾಕೇ?” ಎಂದು ನಕ್ಕರು.

ನಮ್ಮಲ್ಲಿ ಒಮ್ಮೆಯೂ ಮೊಸಳೆಯಾಗದವಳು ಚಿಸೆ ಒಬ್ಬಳೇ. ಕೂಟ ಸೇರಿ ಮೂವತ್ತೊಂದು ವರ್ಷ. ಪಾಪ, ನಾಲ್ಕನೇ ವಯಸ್ಸಿಗೇ ದಡಾರದಲ್ಲಿ ಕಣ್ಣು ಹೋಯಿತು. ಅಂಗಮರ್ದನ ಮಾಡಿ ಜೀವನ ಸಾಗಿಸುತ್ತಾಳೆ. ಈಗ ಐವತ್ತೆಂಟು. ಅಂಥವಳು ಇವತ್ತು ಎದ್ದು ನಿಂತು ಒಂದು ಹೊಸ ಪದ ಕಟ್ಟಿದ್ದೇನೆ ಎಂದಳು.

“ನಮ್ಮನ್ನ ಕರೆಯೋ ಪದಗಳೆಲ್ಲ ಏನಿಲ್ಲ ಅನ್ನೋದನ್ನೇ ಹೇಳ್ತವೆ. ಕಣ್ಣಿಲ್ಲ, ಕಾಲಿಲ್ಲ, ಕಿವಿಯಿಲ್ಲ. ಈ ಮನೆಗೆ ನೀವೆಲ್ಲ ಸ್ಟೇಷನ್ ರಸ್ತೇಲಿ ಬರ್ತೀರಿ, ನಾನು ನದಿ ಪಕ್ಕದಲ್ಲಿ ಬರ್ತೀನಿ. ಸೇರೋದು ಇದೇ ಮನೆ. ನಾನು ಬೇರೆ ದಾರಿಯವಳು, ಅಷ್ಟೇ.”

ಪದ: ಅಲಿವೋಯಾನೊ. ‘ಬೇರೆ’, ‘ದಾರಿ’, ‘ಅದಕ್ಕೆ ಸೇರಿದವರು’, ಮೂರೂ ಒಂದಾಗಿ.

ಕೂಟದ ಹಿರಿಯರು ಹೊರಿಬೆ ಮೇಷ್ಟ್ರು, ಎಪ್ಪತ್ತನಾಲ್ಕು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಕೆಮ್ಮಿದರು. “ಇರೋ ಪದಗಳಿಗೇ ಧೂಳು ಹಿಡೀತಿದೆ, ಚಿಸೆ ಸಾನ್. ಇನ್ನೊಂದು ಯಾಕೆ?”

“ಆ ಧೂಳು ನಿಮ್ಮ ಮೈಮೇಲೆ ಬಿದ್ದಿಲ್ಲ ಮೇಷ್ಟ್ರೇ, ಅದಕ್ಕೆ ಕೇಳ್ತಿದೀರಿ.”

ಎಲ್ಲರೂ ಗೊಳ್ಳೆಂದರು. ಮೇಷ್ಟ್ರು ಏನೋ ತಿರುಗೇಟು ಕೊಟ್ಟರು. ಇತ್ತೀಚೆಗೆ ಅವರು ಬಾಯಲ್ಲಿ ಅನ್ನ ಇಟ್ಟುಕೊಂಡ ಹಾಗೆ ಮಾತಾಡುತ್ತಾರೆ, ಒಂದೂ ತಿಳಿಯುವುದಿಲ್ಲ.

ಕೊನೆಗೆ ತೀರ್ಮಾನವಾದದ್ದು ಇಷ್ಟು. ಪದದ ಬಗ್ಗೆ ಚಿಸೆ ಬರೆದದ್ದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದು, ಓದುಗರ ಕಾಗದಗಳಿಗೆ ಕಾಯುವುದು, ಮೇ ತಿಂಗಳ ಕೂಟದಲ್ಲಿ ಕೈ ಎತ್ತುವುದು. ಹೆಚ್ಚು ಕೈ ಎದ್ದರೆ ಪದ ಟೋಕಿಯೊದ ನಿಘಂಟಿನವರಿಗೆ ಹೋಗುತ್ತದೆ. ಚಿಸೆಯ ಕೆನ್ನೆ ಕೆಂಪಾಗಿತ್ತು. ಪಾಪ, ಎಷ್ಟು ಆಸೆ ಇಟ್ಟುಕೊಂಡಿದ್ದಾಳೋ.

ಜನವರಿ 31, ಬುಧವಾರ

ಪತ್ರಿಕೆ ಮುಗಿಯಿತು. ಮುದ್ರಿತ ಪ್ರತಿ ಎಂಟು ಪುಟ. ಬ್ರೈಲ್ ಪ್ರತಿ ನಲವತ್ತೆಂಟು ಹಾಳೆ. ಇದೂ ನನ್ನದೇ ಕೆಲಸ, ಅಂಚೆ ಕಚೇರಿಯ ಕೌಂಟರಿನಲ್ಲಿದ್ದಾಗಿನಿಂದ, ಇಪ್ಪತ್ತೆರಡು ವರ್ಷ. ಹಲಗೆಯ ಮೇಲೆ ದಪ್ಪ ಹಾಳೆ ಬಿಗಿದು ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು, ಒಂದು ಚುಕ್ಕಿ ತಪ್ಪಿದರೆ ಹಾಳೆಯೇ ದಂಡ. ಇರುವುದು ಒಂದೇ ಪ್ರತಿ. ಮೊದಲು ಚಿಸೆಗೆ, ಆಮೇಲೆ ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ, ಐದು ಜನರಿಗೆ. ಸರದಿಯ ಕೊನೆಯವನು ಸೆತೊ ಸಮುದ್ರದ ದ್ವೀಪವೊಂದರಲ್ಲಿ, ಕುಷ್ಠರೋಗಿಗಳ ಆರೋಗ್ಯಧಾಮದಲ್ಲಿರುವ ಮಿತಾನಿ ಎಂಬ ಮುದುಕ. ಬೆರಳುಗಳಲ್ಲಿ ಸ್ಪರ್ಶ ಉಳಿದಿಲ್ಲವಂತೆ, ನಾಲಿಗೆಯಲ್ಲಿ ಓದುತ್ತಾನಂತೆ. ಅದನ್ನು ಕೇಳಿದ ಮೇಲೆ ಹಾಳೆಗಳನ್ನು ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿಯೇ ಕಳಿಸುತ್ತೇನೆ.

ಮಾರ್ಚ್ 14, ಗುರುವಾರ

ಮೂರು ಕಾಗದ ಬಂದಿವೆ, ಮೂರೂ ಕೆಂಡ.

ನಗೋಯಾದ ಒಬ್ಬರು, ಗಾಲಿಕುರ್ಚಿಯಲ್ಲಿರುವವರು: “ನನ್ನದು ಬೇರೆ ದಾರಿಯಲ್ಲ. ಅದೇ ದಾರಿ, ನಡುವೆ ಮೆಟ್ಟಿಲಿದೆ. ಮೆಟ್ಟಿಲು ಕೀಳುವ ಬದಲು ನನಗೊಂದು ಚಂದದ ಹೆಸರು ಕೊಡುತ್ತೀರಾ?” ಕಿವುಡು ಮಗಳಿರುವ ತಾಯಿ: “ಇದು ಸಮಾಧಾನದ ಮಾತು. ನನಗೆ ಸಮಾಧಾನ ಬೇಡ.” ಮೂರನೆಯದು ಸೆಂದಾಯಿಯ ಪಂಡಿತರದು: “ಮೈ ಒತ್ತುವವರು ಮೈ ಒತ್ತಲಿ. ಪದ ಕಟ್ಟುವುದು ಅವರ ಕಸುಬಲ್ಲ.”

ಇದನ್ನೆಲ್ಲ ಚಿಸೆಯ ಬೆರಳ ಕೆಳಗೆ ನಾನೇ ಚುಚ್ಚಿ ಇಡಬೇಕೆ? ಆ ಪಂಡಿತನ ಸಾಲನ್ನು ಒಂದೊಂದೇ ಚುಕ್ಕಿಯಾಗಿ? ಕೈ ಬರಲಿಲ್ಲ. ಮಾರ್ಚ್ ಸಂಚಿಕೆಯ ಮುದ್ರಿತ ಪ್ರತಿಯಲ್ಲಿ ‘ಓದುಗರ ದನಿ’ ಇದೆ. ಬ್ರೈಲ್‌ನಲ್ಲಿ ಬಿಟ್ಟೆ. ಹೇಗೂ ಹದಿನಾಲ್ಕು ಹಾಳೆ ಉಳಿಯಿತು. ಹಿಂದೆಯೂ ಸಂಪಾದಕೀಯ, ಜಾಹೀರಾತು ಎಲ್ಲ ಬಿಟ್ಟಿದ್ದುಂಟು, ಯಾರೂ ಕೇಳಿಲ್ಲ.

ಆಮೇಲೆ ಮೇಷ್ಟ್ರಿಗೂ ಉಳಿದ ನಾಲ್ವರಿಗೂ ಫೋನ್ ಮಾಡಿ, ಶನಿವಾರ ಚಿಸೆಯ ಮುಂದೆ ಈ ಕಾಗದಗಳ ವಿಷಯ ಎತ್ತಬೇಡಿ, ನೊಂದುಕೊಳ್ಳುತ್ತಾಳೆ ಎಂದೆ. ಎಲ್ಲರೂ ತಕ್ಷಣ ಒಪ್ಪಿದರು. ಒಳ್ಳೆಯ ಜನ. ಫೋನ್ ಲೈನೇ ಸರಿಯಿಲ್ಲ, ಎಡಗಡೆ ಹಿಡಿದರೆ ಬರೀ ಗೊರಗೊರ.

ಏಪ್ರಿಲ್ 11, ಗುರುವಾರ

ದ್ವೀಪದಿಂದ ಕಾಗದ. ಮಿತಾನಿ ಹೇಳಿ ಬರೆಸಿದ್ದು, ನರ್ಸ್ ಕೈಬರಹ. ನಕಲು ಮಾಡಿಡುತ್ತೇನೆ:

“ಹಿಬಿನೊ ಚಿಸೆ ಸಾನ್ ಅವರಿಗೆ. ಜನವರಿಯ ಪತ್ರಿಕೆ ಸರದಿ ಸುತ್ತಿ ಮಾರ್ಚ್ ಮೊದಲ ವಾರ ನನಗೆ ಸಿಕ್ಕಿತು. ನಿಮ್ಮ ಬರಹವನ್ನು ಮೂರು ಸಲ ಓದಿದೆ. ನಾನು ಇಲ್ಲಿಗೆ ಬಂದದ್ದು ಹದಿನಾರನೇ ವಯಸ್ಸಿನಲ್ಲಿ. ಈಗ ಎಂಬತ್ತೊಂದು. ಮಿತಾನಿ ಎಂಬುದು ಬಂದ ದಿನ ಇಲ್ಲಿ ಕೊಟ್ಟ ಹೆಸರು, ಮನೆಯವರ ಮರ್ಯಾದೆ ಉಳಿಯಲೆಂದು. ಆಮೇಲೆ ರೋಗಿ ಎಂದರು, ಕುರುಡ ಎಂದರು. ಎಲ್ಲ ಹೆಸರೂ ಹೊರಗಿನವರು ಕೊಟ್ಟದ್ದೇ. ನಮ್ಮನ್ನು ಕೂಡಿಹಾಕಿದ ಕಾನೂನನ್ನು ಈ ತಿಂಗಳು ತೆಗೆದುಹಾಕಿದರು. ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಂತೆ, ಈ ಕಾಲಿನಲ್ಲಿ! ನಾನು ಬೇರೆ ದಾರಿ ಹಿಡಿದವನಲ್ಲ, ಎಲ್ಲ ದಾರಿಯಿಂದಲೂ ಎತ್ತಿ ಆಚೆಗಿಟ್ಟವನು. ನಿಮ್ಮ ಪದದೊಳಗೆ ನನ್ನಂಥವನಿಗೆ ಜಾಗ ಇದೆಯೇ? ಇದ್ದರೆ ಆ ಹೆಸರಿನಿಂದ ನನ್ನನ್ನು ಒಂದು ಸಲ ಕರೆಯಿರಿ. ಪತ್ರಿಕೆಯಲ್ಲೇ ಕರೆದರೆ ಸಾಕು, ನಾನೇ ಓದಿಕೊಳ್ಳುತ್ತೇನೆ.”

ಓದಿ ಅತ್ತೆ, ಸುಳ್ಳು ಯಾಕೆ ಹೇಳಲಿ. ಇದನ್ನು ಚಿಸೆಗೆ ಕೊಡಲೇಬೇಕು. ಆದರೆ ಕೊಟ್ಟರೆ, ಉಳಿದವರು ಏನು ಬರೆದರು ಎಂದು ಕೇಳಿಯೇ ಕೇಳುತ್ತಾಳೆ. ಮೊದಲು ಅದಕ್ಕೊಂದು ಮಾತು ಹೊಂದಿಸಿಕೊಳ್ಳಬೇಕು. ಇಪ್ಪತ್ತಕ್ಕೆ ಕೂಟವಿದೆ, ಆಗ ಬಾಯಲ್ಲೇ ಹೇಳಿದರಾಯಿತು.

ಏಪ್ರಿಲ್ 20, ಶನಿವಾರ

ಹೇಳಲಿಲ್ಲ.

ಹೇಳಲೆಂದೇ ಕೂಟ ಮುಗಿದ ಮೇಲೆ ಅವಳ ಜೊತೆ ನದಿ ಪಕ್ಕದ ದಾರಿಯಲ್ಲಿ ನಡೆದೆ. ತೋಳು ಹಿಡಿದುಕೊಂಡರೆ, “ಮಸುಯೊ ಸಾನ್, ನೀವು ಹಿಡ್ಕೊಂಡ್ರೆ ನಾನು ತಳ್ಳುಗಾಡಿ ಆಗ್ಬಿಡ್ತೀನಿ. ನನ್ನ ಮೊಣಕೈ ಹಿಂದೆ ಬನ್ನಿ” ಎಂದಳು. ಹಠಮಾರಿ. ತೋಫು ಅಂಗಡಿಯ ವಾಸನೆಗೆ ಬಲಕ್ಕೆ, ಕಾಲಡಿ ಕಲ್ಲು ಒರಟಾದಲ್ಲಿ ಎಡಕ್ಕೆ. ದೇವಸ್ಥಾನದ ಹತ್ತಿರ ನೆಲದಿಂದ ಬುಗ್ಗೆ ಉಕ್ಕುತ್ತದೆ, ಊರವರು ಕೊಡ ತಂದು ಹಿಡಿಯುವ ಜಾಗ. ಅವಳು ಅಲ್ಲಿಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ನಿಂತಳು.

“ಕೇಳಿಸ್ತಾ? ಇಲ್ಲಿಂದಲೇ ಶುರು. ನಂಗೆ ಇದೇ ಊರಿನ ದೀಪದ ಕಂಬ.”

“ಹೂಂ, ಕೇಳಿಸ್ತು” ಎಂದೆ. ಏನೂ ಕೇಳಿಸಿರಲಿಲ್ಲ. ಗಾಳಿ ಆ ಕಡೆಗಿತ್ತೇನೋ.

ಆಮೇಲೆ ಅವಳೇ ಕೇಳಿದಳು. “ಕಾಗದ ಏನಾದ್ರೂ ಬಂತಾ, ಪದದ ಬಗ್ಗೆ?”

“ಬರಬಹುದು, ಇನ್ನೂ ಟೈಮಿದೆಯಲ್ಲ” ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಮಿತಾನಿಯ ಕಾಗದ ಕೈಚೀಲದಲ್ಲೇ ಇತ್ತು.

ಏಪ್ರಿಲ್ 29, ಸೋಮವಾರ

ಮೇ ಸಂಚಿಕೆ ಕಳಿಸಿದೆ. ಮುದ್ರಿತ ಪ್ರತಿಯಲ್ಲಿ ಮಿತಾನಿಯ ಕಾಗದ ಇದೆ. ಬ್ರೈಲ್‌ನಲ್ಲಿ ಇಲ್ಲ.

ಮೇ 18, ಶನಿವಾರ

ಕೈ ಎತ್ತುವ ಪ್ರಶ್ನೆಯೇ ಬರಲಿಲ್ಲ. ಶುರುವಾಗುವ ಮುಂಚೆಯೇ ಚಿಸೆ ಎದ್ದು ನಿಂತಳು.

“ನಾಲ್ಕು ತಿಂಗಳು ಕಾದೆ. ಒಂದು ಕಾಗದವೂ ಬರಲಿಲ್ಲ. ಬೈದು ಬರೆದಿದ್ರೂ ಖುಷಿಯಾಗ್ತಿತ್ತು. ಯಾರಿಗೂ ಬೇಡದ ಪದ ಇಟ್ಕೊಂಡು ಏನು ಮಾಡೋದು? ಹಿಂದಕ್ಕೆ ತಗೋತೀನಿ. ಬರ್ಕೊಳ್ಳಿ ಮೇಷ್ಟ್ರೇ.”

ನಾವು ಆರು ಜನ. ಆರೂ ಜನ ಚಾಪೆ ನೋಡುತ್ತಾ ಕೂತೆವು. ಮೇಷ್ಟ್ರು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ, ಬೇಡ ಎಂದು. ಅವಳಿಗೆ ಕಾಣುವುದಿಲ್ಲವಲ್ಲ. ಮೇಷ್ಟ್ರು ಬರೆದುಕೊಂಡರು.

ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬರೀ ಬಾಯಿ ಬಿಟ್ಟಿದ್ದರೆ.

ಮೇ 19, ಭಾನುವಾರ

ಅವಳ ಒಳ್ಳೆಯದಕ್ಕೇ ಮಾಡಿದ್ದು. ಇದನ್ನು ಬೆಳಗಿನಿಂದ ಎಷ್ಟು ಸಲ ಹೇಳಿಕೊಂಡೆನೋ. ಶುಕಿಚಿ, “ಯಾರ ಜೊತೆ ಜಗಳ ಆಡ್ತಿದೀಯೇ? ಟೀವಿ ಬೇರೆ ಊರಿಗೆಲ್ಲ ಕೇಳೋ ಹಾಗೆ ಇಟ್ಟಿದೀಯ” ಎಂದರು. ಅವರು ದಿನವಿಡೀ ಕಾರ್ಖಾನೆಯಲ್ಲಿ ಹಿನೊಕಿ ಮರದ ಅಳತೆ ಸೇರು ಮಾಡುತ್ತಾ ಯಂತ್ರದ ಸದ್ದಿನಲ್ಲಿ ಇರುವವರು, ಅವರ ಕಿವಿಗೇ ಏನೋ ಆಗಿರಬೇಕು.

ಜೂನ್ 12, ಬುಧವಾರ

ನರ್ಸ್ ಬರೆದಿದ್ದಾರೆ. ಮಿತಾನಿ ಸಾನ್ ಜೂನ್ ಐದಕ್ಕೆ ತೀರಿಕೊಂಡರು. ನ್ಯುಮೋನಿಯಾ.

“ಮೇ ಸಂಚಿಕೆ ಅವರ ಸರದಿಗೆ ಬಂದಾಗ ಜ್ವರವಿತ್ತು. ಆದರೂ ಕೂರಿಸಿ ಎಂದರು. ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ನಾಲಿಗೆಯಲ್ಲಿ ಓದಿದರು. ಮಾರನೆಯ ದಿನ ಮತ್ತೊಮ್ಮೆ ಮೊದಲಿನಿಂದ. ಹಾಳೆಯಲ್ಲಿ ರಕ್ತದ ಕಲೆ ಇದ್ದರೆ ದಯವಿಟ್ಟು ಕ್ಷಮಿಸಿ. ‘ನನ್ನ ಕಾಗದ ಹಾಕಲಿಲ್ಲ ಅನ್ಸತ್ತೆ, ಅಂಥದ್ದನ್ನ ಕೇಳಬಾರದಿತ್ತೋ ಏನೋ’ ಎಂದರು. ಆಮೇಲೆ ಕೇಳಲಿಲ್ಲ.”

ಹಾಳೆಗಳೂ ಬಂದಿವೆ. ಹನ್ನೆರಡನೆಯದರಲ್ಲಿ ಕಲೆ ಇದೆ. ಅದು ನಾನು ಅವರ ಕಾಗದವನ್ನು ಬಿಟ್ಟ ಜಾಗ.



ಜೂನ್ 15, ಶನಿವಾರ

ಎಲ್ಲರ ಎದುರಿಗೆ ಹೇಳಿದೆ. ಅಳಬಾರದೆಂದು ಎಸ್ಪೆರಾಂತೊದಲ್ಲಿ ಬರೆದುಕೊಂಡು ಹೋಗಿದ್ದೆ, ಓದಿದೆ. ಮಾರ್ಚಿನ ಮೂರು ಕಾಗದ, ಫೋನುಗಳು, ಮಿತಾನಿ ಸಾನ್, ಏಪ್ರಿಲಿನಲ್ಲಿ ಆಡಿದ ಸುಳ್ಳು, ಮೇ ತಿಂಗಳಲ್ಲಿ ತಲೆಯಾಡಿಸಿದ್ದು. ಹನ್ನೆರಡನೆಯ ಹಾಳೆ. ಒಂದೂ ಬಿಡಲಿಲ್ಲ.

 ಚಿಸೆ ಸಾನ್ ಜಪಾನಿಯಲ್ಲಿ, ಅದೂ ನಮ್ಮ ಗಿಫು ಕಡೆಯ ಒರಟು ಮಾತಿನಲ್ಲಿ ಶುರು ಮಾಡಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

“ಇದನ್ನ ನಮ್ಮೂರ ಮಾತಲ್ಲೇ ಆಡ್ತೀನಿ. ಆ ಭಾಷೇಲಿ ಬೈಯೋಕೆ ನಾನು ಕಲ್ತಿಲ್ಲ. ನಂಗೆ ನೋವಾಗತ್ತೆ ಅಂತ ಆರು ಜನ ಕೂತು ತೀರ್ಮಾನ ಮಾಡ್ಬಿಟ್ರಾ? ನೋಯೋದಕ್ಕೂ ಕಣ್ಣು ಬೇಕಾ ನಂಗೆ? ನನ್ನ ಪದದ ಮೇಲೆ ಜಗಳ ನಡೀತಿತ್ತು, ಆ ಜಗಳದಲ್ಲಿ ನಾನೊಬ್ಳೇ ಇರ್ಲಿಲ್ಲ. ಆ ಸೆಂದಾಯಿ ಮನುಷ್ಯ ಬೈದ ಅಂದ್ರಲ್ಲ, ಅವನಾದ್ರೂ ನನ್ನನ್ನ ಎದುರು ನಿಲ್ಲೋವಳು ಅಂದ್ಕೊಂಡ. ನೀವು ತೊಟ್ಟಿಲಲ್ಲಿ ಹಾಕಿದ್ರಿ.”

ಆಮೇಲೆ ಕೇಳಿದರು: “ಮಿತಾನಿ ಸಾನ್ ನನ್ನನ್ನ ಏನಂದ್ಕೊಂಡು ಹೋದ್ರು?”

ಮೇಷ್ಟ್ರು ಚಾಪೆಗೆ ಹಣೆ ಹಚ್ಚಿ ಕ್ಷಮೆ ಕೇಳಿದರು. ಅವರೂ ಜಪಾನಿಯಲ್ಲೇ.

ಚಿಸೆ ಸಾನ್ ಎದ್ದು ಮೇಜಿನ ಮೇಲೆ ಕೈಯಾಡಿಸುತ್ತಾ ಬಟ್ಟಲುಗಳನ್ನು ಒಂದೊಂದೇ ತಟ್ಟೆಗೆ ಹಾಕಿಕೊಂಡರು. “ಬೇಡ, ಇವತ್ತು ಬೇಡ” ಎಂದೆ. “ಮೊಸಳೆ ಆದೆನಲ್ಲ. ನಿಯಮ ನನಗೂ ಒಂದೇ” ಎಂದು ಅಡುಗೆಮನೆಗೆ ಹೋದರು. ಏಳು ಬಟ್ಟಲು. ಯಾರಿಗೂ ಎದ್ದು ಹೋಗಿ ಜೊತೆಗೆ ನಿಲ್ಲುವ ಧೈರ್ಯ ಬರಲಿಲ್ಲ. ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು, ಕೋಲು ತೆಗೆದುಕೊಂಡು ನದಿ ದಾರಿಯಲ್ಲಿ ಹೋದರು.

ಜೂನ್ 30, ಭಾನುವಾರ

ಚುಚ್ಚುತ್ತಿದ್ದೇನೆ. ನಾಲ್ಕು ಕಾಗದವೂ, ಪೂರ್ತಿ. ಪಂಡಿತರ ಸಾಲನ್ನೂ. ಬೆರಳು ಬಾತಿದೆ.

ಜುಲೈ 14, ಭಾನುವಾರ

ಇಪ್ಪತ್ತಾರು ಹಾಳೆ ಹಿಡಿದುಕೊಂಡು ಚಿಸೆ ಸಾನ್ ಮನೆಗೆ ಹೋದೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತಿದ್ದೆ. “ಬನ್ನಿ, ಸೊಳ್ಳೆ ಬರತ್ತೆ” ಎಂದರು.

ಮಂಚದ ಮೇಲೆ ಹರಡಿಕೊಂಡು ಓದಿದರು. ನಗೋಯಾದವರ ಕಾಗದಕ್ಕೆ, “ಮೆಟ್ಟಿಲು… ಸರಿಯಾಗೇ ಹೇಳಿದಾರೆ. ಇವರಿಗೆ ಉತ್ತರ ಕೊಡೋದು ಕಷ್ಟ ಇತ್ತು” ಎಂದು ತಲೆದೂಗಿದರು. ತಾಯಿಯ ಕಾಗದವನ್ನು ಓದಿ ಬೇರೆಯಾಗಿ ಎತ್ತಿಟ್ಟರು. ಪಂಡಿತರದನ್ನು ಓದಿ ನಕ್ಕೇಬಿಟ್ಟರು. “ಇವರ ಸೊಂಟ ಒಂದ್ಸಲ ನನ್ನ ಕೈಗೆ ಸಿಕ್ಕಬೇಕು!” ನನಗೂ ನಗು ಬಂತು, ಆಮೇಲೆ ನಾಚಿಕೆಯಾಯಿತು. ಈ ನಗುವನ್ನು ಉಳಿಸಿಕೊಡಲು ನಾನು ಯಾರು, ಕಿತ್ತುಕೊಳ್ಳಲು ಯಾರು?

ಮಿತಾನಿ ಸಾನ್ ಅವರ ಕಾಗದವನ್ನು ಬಲಗೈಯಲ್ಲಿ ಓದಿದರು. ಎಡಗೈಯಲ್ಲಿ ಇನ್ನೊಮ್ಮೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳು ನಿಂತೇ ಇತ್ತು.

“ಎರಡೇ ಶಬ್ದ, ಮಸುಯೊ ಸಾನ್. ಒಂದು ಕಾರ್ಡಲ್ಲಿ ಮುಗೀತಿತ್ತು. ಏಪ್ರಿಲ್‌ನಲ್ಲಿ ಕೊಟ್ಟಿದ್ರೆ ಅವತ್ತೇ ಬರೀತಿದ್ದೆ.”

“ಗೊತ್ತು.”

“ಇದನ್ನ ನಾನು ಮರೆಯಲ್ಲ.”

“ಗೊತ್ತು” ಎಂದೆ.

ಹೊರಟಾಗ ಬುಗ್ಗೆಯವರೆಗೆ ಬರುತ್ತೇನೆ ಎಂದರು. ಅವರ ಮೊಣಕೈ ಹಿಂದೆ ನಡೆದೆ. ಅದೇ ಇಪ್ಪತ್ತು ಹೆಜ್ಜೆ ಈಚೆಗೆ ನಿಂತರು.

“ಕೇಳಿಸ್ತಾ?”

“ಇಲ್ಲ.”

“ಏಪ್ರಿಲ್‌ನಲ್ಲಿ ಕೇಳಿಸ್ತು ಅಂದ್ರಿ.”

“ಆಗಲೂ ಕೇಳಿಸಿರಲಿಲ್ಲ.”

“ಗೊತ್ತಿತ್ತು. ಎರಡು ವರ್ಷದಿಂದ ನೀವು ಕಿರುಚಿ ಕಿರುಚಿ ಮಾತಾಡ್ತಿದೀರಿ. ಎಡಗಡೆಯಿಂದ ಕರೆದ್ರೆ ತಿರುಗಲ್ಲ.” ಕೋಲಿನಿಂದ ಕಲ್ಲನ್ನು ಎರಡು ಸಲ ತಟ್ಟಿದರು. “ಹೇಳಿದ್ರೆ ನೊಂದ್ಕೋತೀರಿ ಅಂತ ಸುಮ್ಮನಿದ್ದೆ. ನೋಡಿ, ನಾನೂ ಅದನ್ನೇ ಮಾಡ್ದೆ.”

 ಅವರು ನನ್ನನ್ನು ಬುಗ್ಗೆಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ, ಕೈ ಹಿಡಿದು ನೀರಿಗೆ ಇಳಿಸಿದರು. ತಣ್ಣಗಿತ್ತು. ಅಡಿಯಿಂದ ಮರಳು ಬೆರಳಿಗೆ ತಾಗುತ್ತಾ ಕುದಿಯುವ ಹಾಗೆ ಮೇಲೇಳುತ್ತಿತ್ತು.

“ಸಿಕ್ತಾ?”

“ಸಿಕ್ತು.”

“ಶನಿವಾರ ಬರ್ತೀರಾ?” ಎಂದು ಕೇಳಿದೆ.

“ಇಲ್ಲ. ಪತ್ರಿಕೆ ಕಳಿಸಿ.” ಎರಡು ಹೆಜ್ಜೆ ಹೋಗಿ ನಿಂತರು. “ಪೂರ್ತಿ ಕಳಿಸಿ.”

ಜುಲೈ 20, ಶನಿವಾರ

ಕೂಟದಲ್ಲಿ ಆರೇ ಬಟ್ಟಲು. ಎಲ್ಲರಿಗೂ ನನ್ನ ಬಲಗಡೆ ಕೂತು ಮಾತಾಡಿ, ಎಡಗಿವಿ ಕೇಳಿಸುವುದಿಲ್ಲ ಎಂದೆ. ಪದವನ್ನು ಮತ್ತೆ ಎತ್ತೋಣವೇ ಎಂದು ಮೇಷ್ಟ್ರು ಕೇಳಿದರು. ಅದು ನಮ್ಮದಲ್ಲ ಮೇಷ್ಟ್ರೇ, ಹಿಂದಕ್ಕೆ ತೆಗೆದುಕೊಂಡವರನ್ನೇ ಕೇಳಬೇಕು ಎಂದೆ. 

ಜುಲೈ 31, ಬುಧವಾರ

ಪತ್ರಿಕೆ ಮುಗಿಯಿತು. ಮುದ್ರಿತ ಎಂಟು ಪುಟ, ಬ್ರೈಲ್ ಅರವತ್ತೊಂದು ಹಾಳೆ. ಸಂಪಾದಕೀಯ, ಜಾಹೀರಾತು, ಕಾಗದಗಳು, ನಾನು ಮಾಡಿದ್ದರ ವಿವರ, ಎಲ್ಲವೂ ಇವೆ.

ಕೊನೆಗೆ ಸರದಿಯ ಚೀಟಿ ಚುಚ್ಚಲು ಕೂತೆ. ಐದು ಹೆಸರು ಈಗ ನಾಲ್ಕಾಗಬೇಕು. ಕೈ ಓಡಲಿಲ್ಲ. ಒಂದು ಯೋಚನೆ ಬಂತು, ಆದರೆ ಕೇಳದೆ ಮಾಡುವುದು ಸಾಕಾಗಿದೆ. ಚಿಸೆ ಸಾನ್‌ಗೆ ಫೋನ್ ಮಾಡಿದೆ, ಬಲಗಿವಿಗೆ ಹಿಡಿದು. ಹೀಗೆ ಹಾಕಲೇ ಎಂದು ಕೇಳಿದೆ.  “ಹಾಕಿ” ಎಂದರು.

ನಾಲ್ಕು ಹೆಸರುಗಳ ಕೆಳಗೆ ಐದನೆಯದನ್ನು ಚುಚ್ಚಿದೆ: ಅಲಿವೋಯಾನೊ ಮಿತಾನಿ. ಹಾಳೆ ತಿರುಗಿಸಿ, ಕಣ್ಣು ಮುಚ್ಚಿ, ಬೆರಳಾಡಿಸಿ ನೋಡಿದೆ. ಚುಕ್ಕಿಗಳು ಚೆನ್ನಾಗಿ ಎದ್ದಿವೆ. ಎಂದಿನಂತೆ ಹಾಳೆಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿದೆ. ಈಗ ನಾಲಿಗೆಯಲ್ಲಿ ಓದುವವರು ಯಾರೂ ಇಲ್ಲ ಎಂಬುದು ಒರೆಸಿ ಮುಗಿಸಿದ ಮೇಲೆ ನೆನಪಾಯಿತು.